ಇಂಜಿನ್ನಿನ ಬಾಯಿಗೆ ಹಾಕಿದ ವಿಭೂತಿ

ಎರಡು ವರ್ಷಗಳ ಹಿಂದಿನ ಮಾತು. ಎಳ್ಳು ಅಮಾವಾಸ್ಯೆಯಂದು ಹೊಲದಲ್ಲಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ ಬಂದು ನಾಲ್ಕು ದಿನ ಕಳೆದಿತ್ತು. ತೊಗರಿ ಕಟಾವು ಆರಂಭವಾಗಿತ್ತು. ಆಳಂದ ತಾಲ್ಲೂಕಿನ ಸರಸಂಬಾದಲ್ಲಿ ನಮ್ಮ ಮನೆಯ ಮುಂದೆ ನನ್ನ ತಮ್ಮ ಶರಣಪ್ಪನ ಲಾರಿ ನಿಂತಿತ್ತು. ಬೇರೆ ವರ್ಷಗಳಲ್ಲಾದರೆ ಆ ದಿನಗಳಲ್ಲಿ ಅದು ಮನೆಯ ಮುಂದೆ ನಿಂತದ್ದನ್ನು ಯಾರೂ ಕಂಡವರಲ್ಲ. ಆಳಂದದ ತೊಗರಿ, ಅಫಜಲಪುರದ ಕಬ್ಬು, ಜೇವರ್ಗಿಯ ಹತ್ತಿ, ಹೀಗೆ ಒಂದಾದ ಮೇಲೊಂದು ಹೇರಿಕೊಂಡು ಮಾಘಮಾಸ ಮುಗಿಯುವವರೆಗೂ ಓಡುತ್ತಿತ್ತು. ಆ ವರ್ಷ ಮಾತ್ರ ಅದು ಓಡುವ ಸ್ಥಿತಿಯಲ್ಲಿರಲಿಲ್ಲ.

ಲಾರಿ ಎಣ್ಣೆ ಕುಡಿಯುತ್ತಿತ್ತು. ಡೀಸೆಲ್ ಅಲ್ಲ, ಇಂಜಿನ್ನಿಗೆ ಹಾಕುವ ಎಣ್ಣೆ. ಜೇವರ್ಗಿಗೆ ಹೋಗಿ ಬರುವಷ್ಟರಲ್ಲಿ ದಾರಿಯಲ್ಲಿ ಎರಡು ಸಲ ನಿಲ್ಲಿಸಿ ಡಬ್ಬಿಯಿಂದ ಎಣ್ಣೆ ಸುರಿಯಬೇಕಾಗುತ್ತಿತ್ತು. ಹಿಂದಿನಿಂದ ಬರುವ ನೀಲಿ ಹೊಗೆಯಲ್ಲಿ ಹಿಂದಿನ ಗಾಡಿಯವರಿಗೆ ದಾರಿ ಕಾಣುತ್ತಿರಲಿಲ್ಲ. ಪಾಸಿಂಗ್‌ಗೆ ಎಂದು ಆರ್‌ಟಿಒ ಕಚೇರಿಗೆ ಒಯ್ದಾಗ ಅಧಿಕಾರಿಗಳು ಹೊಗೆ ನೋಡಿ ತಲೆಯಾಡಿಸಿ, ದುರಸ್ತಿ ಮಾಡಿಸಿಕೊಂಡು ಮುಂದಿನ ವಾರ ಬಿಟ್ಟು ಅದರ ಮುಂದಿನ ಸೋಮವಾರ ಬರಬೇಕೆಂದು ಹೇಳಿ ಕಳಿಸಿದ್ದರು.

ಶರಣಪ್ಪನಿಗೆ ಆಗ ಅರವತ್ತೆರಡು. ಇಪ್ಪತ್ತನಾಲ್ಕು ವರ್ಷ ಆ ಒಂದೇ ಲಾರಿಯನ್ನು ತಾನೇ ಓಡಿಸಿದ್ದಾನೆ. ಆ ದಿನ ಊಟಕ್ಕೆ ಕುಳಿತವನು ರೊಟ್ಟಿ ಮುರಿಯದೆ, "ಅಣ್ಣಾ, ಸೋಮವಾರ ಪಾಸಾಗಲಿಲ್ಲಂದ್ರ ಗುಜರಿಗಿ ಹಾಕ್ತೇನಿ. ಮತ್ತ ನಾ ಯಾವ ಗಾಡಿ ಸ್ಟೇರಿಂಗೂ ಮುಟ್ಟಂಗಿಲ್ಲ" ಎಂದ. ಅವನು ಬೆದರಿಸಲು ಮಾತಾಡುವವನಲ್ಲ. ಹೇಳಿದ್ದನ್ನು ಮಾಡುವವನು. ಆದ್ದರಿಂದಲೇ ನನಗೆ ಭಯವಾಯಿತು.

ನನ್ನ ಬಗ್ಗೆ ಇಷ್ಟು ಹೇಳಬೇಕು. ಮೂವತ್ತಾರು ವರ್ಷ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿದವನು ನಾನು. ತಂದೆಯವರು ಲಿಂಗೈಕ್ಯರಾದ ಮೇಲೆ ಮನೆಯ ಹಿರಿಯ. ಲಾರಿಯ ವಿಷಯದಲ್ಲಿ ನನಗೆ ತಿಳಿದಿದ್ದುದು ಹತ್ತುವ ಬಾಗಿಲು ಯಾವ ಕಡೆಗಿದೆ ಎಂಬುದಷ್ಟೇ. ಆದರೂ ಯಾವ ಶುಭಕಾರ್ಯಕ್ಕೂ ಮೊದಲು ನನ್ನ ಕೈ ಮುಟ್ಟಬೇಕೆಂಬುದು ತಮ್ಮನ ಹಟ. ಹಾಗಾಗಿ ಅಫಜಲಪುರದ ಲಾಡ್ಲೆಸಾಬ ಮಿಸ್ತ್ರಿಯ ಗ್ಯಾರೇಜಿಗೆ ಲಾರಿ ಒಯ್ಯುವಾಗ ನನ್ನನ್ನೂ ಕೂಡಿಸಿಕೊಂಡು ಹೋದ. ನನ್ನ ಮಗಳು ಮಹಾದೇವಿಯನ್ನು ಕೊಟ್ಟಿರುವುದೂ ಅಫಜಲಪುರಕ್ಕೇ. ಅವಳ ಮನೆಯಲ್ಲಿ ನಮ್ಮಿಬ್ಬರ ವಸತಿಯಾಯಿತು.

ಲಾಡ್ಲೆಸಾಬರು ನನಗಿಂತ ಏಳೆಂಟು ವರ್ಷ ಚಿಕ್ಕವರು. ಬೇವಿನ ಮರದ ಕೆಳಗೆ ತಗಡಿನ ಶೆಡ್ಡು, ಅದೇ ಗ್ಯಾರೇಜು. ಹಳೆಯ ಇಂಜಿನ್ನುಗಳಿಗೆ ಸುತ್ತಲ ಮೂರು ತಾಲ್ಲೂಕಿನವರು ಅವರನ್ನೇ ಹುಡುಕಿಕೊಂಡು ಬರುತ್ತಾರೆ. ಅವರು ಇಂಜಿನ್ ಚಾಲೂ ಮಾಡಿಸಿ, ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿ ಕೇಳಿದರು. ಬಳಿಕ ಎಣ್ಣೆ ಹಾಕುವ ಬಾಯಿಯ ಮುಚ್ಚಳ ಬಿಚ್ಚಿ, ಅದನ್ನೇ ಮಗುಚಿ ಆ ಬಾಯಿಯ ಮೇಲಿಟ್ಟರು. ಒಳಗಿನಿಂದ ನುಗ್ಗುವ ಗಾಳಿಗೆ ಮುಚ್ಚಳ ಟಕಟಕನೆ ಕುಣಿಯತೊಡಗಿತು.

"ನೋಡ್ರಿ ಮಾಸ್ತರ್ರ, ಇದು ಕುಣಿಯಾಕತ್ತದ. ರಿಂಗು ಸವದಾವ, ಲೈನರ್ ಸವದಾವ. ಇದು ಸಮಾಧಾನದಿಂದ ಕುಂತ ದಿನ ಗಾಡಿ ಒಯ್ರಿ" ಎಂದರು.

ಮರುದಿನದಿಂದ ಬಿಚ್ಚುವ ಕೆಲಸ ಸುರುವಾಯಿತು. ನಾನು ಬೇವಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ನೋಡಿದೆ. ಅಲ್ಲಿಯವರೆಗೆ ಗ್ಯಾರೇಜೆಂದರೆ ಮಸಿ, ಜಿಡ್ಡು, ಗದ್ದಲ ಎಂದೇ ತಿಳಿದಿದ್ದೆ. ಲಾಡ್ಲೆಸಾಬರ ಕೆಲಸದ ರೀತಿ ನನ್ನನ್ನು ಬೆರಗುಗೊಳಿಸಿತು. ಒಗೆದ ಹಳೆಯ ಸೀರೆಯೊಂದನ್ನು ಹಾಸಿ, ಬಿಚ್ಚಿದ ಒಂದೊಂದು ಭಾಗವನ್ನೂ ಡೀಸೆಲಿನಲ್ಲಿ ತೊಳೆದು, ಬಿಚ್ಚಿದ ಕ್ರಮದಲ್ಲೇ ಜೋಡಿಸಿದರು. ಆರು ಸಿಲಿಂಡರುಗಳ ಸಾಮಾನು ಆರು ಸಾಲು. ಒಂದರ ವಾಲ್ವು ಇನ್ನೊಂದರ ಸಾಲಿಗೆ ಹೋಗುವಂತಿಲ್ಲ. ಮೂರನೆಯ ಸಿಲಿಂಡರಿನ ರಿಂಗು ಎರಡು ತುಂಡಾಗಿತ್ತು. ಸಿಲಿಂಡರಿನ ಒಳಕವಚವಾದ ಹೊಸ ಲೈನರು, ಪಿಸ್ಟನ್, ರಿಂಗು, ಬೇರಿಂಗು ಬಂದವು. ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡನ್ನು ಕಲಬುರಗಿಯ ಲೇತಿಗೆ ಕಳಿಸಿ ಸಾಪು ಮಾಡಿಸಿ ತಂದರು. ಜೋಡಿಸುವ ದಿನ ಅವರು ಸಾಬೂನಿನಿಂದ ಮೊಳಕೈವರೆಗೆ ಕೈ ತೊಳೆದು, ಉಂಗುರ ತೆಗೆದಿಟ್ಟು, ನನ್ನ ಚಹಾದ ಬಟ್ಟಲನ್ನು ಸಹ ದೂರ ಸರಿಸಿದರು. ನಮ್ಮ ಮನೆಯ ಪೂಜಾಗೃಹದ ಮಡಿಗೂ ಇದಕ್ಕೂ ಏನೂ ಭೇದವಿಲ್ಲವೆಂದು ನನಗೆ ಮನಸ್ಸಿನಲ್ಲೇ ಸಂತೋಷವಾಯಿತು. ಆ ಸಂತೋಷವೇ ಮುಂದಿನ ಅನರ್ಥಕ್ಕೆ ದಾರಿಯಾಯಿತು.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಹೆಡ್ಡು ಕೂತು ಬೋಲ್ಟುಗಳೆಲ್ಲ ಬಿಗಿಯಾಗಿದ್ದವು. ಗಾಳಿ ಒಳಗೆ ಹೋಗುವ ಕೊಳವೆಯ ಬಾಯಿಯೊಂದು ಉಳಿದಿತ್ತು. ಅದಕ್ಕೆ ಬಟ್ಟೆ ತುರುಕಿ ಲಾಡ್ಲೆಸಾಬರು, "ನಮಾಜ್ ಮುಗಿಸಿ ಬರ್ತೇನ್ರಿ ಮಾಸ್ತರ್ರ. ಬಂದ ಮ್ಯಾಲ ಈ ಬಾಯಿಗಿ ಹೊಸಾ ರಬ್ಬರ್ ಪೈಪ್ ಹಾಕಿ ಮುಚ್ಚಿದ್ರ ಮುಗೀತು" ಎಂದು ಹೇಳಿ ಹೋದರು. ಶರಣಪ್ಪ ಕ್ಲಿಪ್ಪು ತರಲು ಅಂಗಡಿಗೆ ಹೋಗಿದ್ದ. ಗ್ಯಾರೇಜಿನಲ್ಲಿ ನಾನೊಬ್ಬನೇ.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ನೆಲದೊಳಗಿನ ಹಗೇವಿಗೆ ಜೋಳ ತುಂಬಿ ಬಾಯಿ ಮುಚ್ಚುವ ಮೊದಲು ಮನೆಯ ಹಿರಿಯನು ಒಳಗೆ ವಿಭೂತಿ ಹಾಕಬೇಕು. ಅಡಿಪಾಯದ ಕಲ್ಲು ಮುಚ್ಚುವಾಗಲೂ ಹಾಗೆಯೇ, ಕೊಳವೆಬಾವಿಯ ಬಾಯಿ ಮುಚ್ಚುವಾಗಲೂ ಹಾಗೆಯೇ. ಏನನ್ನು ಮುಚ್ಚಿದರೂ ಮುಚ್ಚುವ ಮೊದಲು ಒಳಗೆ ಭಸ್ಮ. ಅಜ್ಜನವರು ಮಾಡಿದರು, ತಂದೆಯವರು ಮಾಡಿದರು. ಈಗ ಬಾಯಿ ಮುಚ್ಚುವ ಮಾತು ಕಿವಿಗೆ ಬಿದ್ದಿದೆ, ಹಿರಿಯನಾಗಿ ನಾನು ಎದುರಿಗೇ ಕುಳಿತಿದ್ದೇನೆ, ಚೀಲದಲ್ಲಿ ವಿಭೂತಿಯ ಗಟ್ಟಿಯೂ ಇದೆ. ಇನ್ನೇನು ಯೋಚನೆ? ಎದ್ದು ಹೋಗಿ ಬಟ್ಟೆ ತೆಗೆದೆ. ಗಟ್ಟಿಯನ್ನು ಅಂಗೈಯಲ್ಲಿ ನುಣ್ಣಗೆ ಪುಡಿಮಾಡಿದೆ. ಹಗೇವಿಗಾದರೆ ಮೂರು ಚಿಟಿಕೆ ಸಾಕು. ಇಲ್ಲಿ ಆರು ಸಿಲಿಂಡರುಗಳಿವೆಯಲ್ಲ ಎಂದು ಒಂದು ಮುಷ್ಟಿಯನ್ನೇ ಒಳಗೆ ಹಾಕಿದೆ. ಅಷ್ಟಕ್ಕೇ ಬಿಡಲಿಲ್ಲ. ಆರಕ್ಕೂ ಸಮನಾಗಿ ತಲುಪಲೆಂದು ಕೊಳವೆಗೆ ಬಾಯಿ ಹಚ್ಚಿ ಶಕ್ತಿ ಮೀರಿ ಊದಿದೆ. ನಂತರ ಬಟ್ಟೆಯನ್ನು ಮೊದಲಿನಂತೆ ತುರುಕಿ, ಕೈ ಮುಗಿದು, ಕುರ್ಚಿಗೆ ಬಂದು ಕುಳಿತೆ. ಮನಸ್ಸು ಹಗುರಾಗಿತ್ತು.

ಲಾಡ್ಲೆಸಾಬರು ಬಂದು ಹೊಸ ಪೈಪು ಕೂಡಿಸಿ ಬಿಗಿ ಮಾಡಿದರು. ಚಹಾ ಬಂತು. ಲೈನರು ಈ ಪರಿ ಸವೆಯಲು ಕಾರಣವೇನೆಂದು ಶರಣಪ್ಪ ಕೇಳಿದ. ಎಣ್ಣೆ ಬದಲಿಸುವುದನ್ನು ತಾನೆಂದೂ ತಪ್ಪಿಸಿಲ್ಲವೆಂದು ಅವನ ವಾದ. ಲಾಡ್ಲೆಸಾಬರು ಹಳೆಯ ರಬ್ಬರ್ ಪೈಪನ್ನು ಎತ್ತಿ ತಿರುವಿದರು. ಕೆಳಗಿನ ಮಗ್ಗುಲಲ್ಲಿ ಒಂದು ಸಣ್ಣ ಬಿರುಕು. ಒಳಗೆ ಬೆರಳಾಡಿಸಿ ತೆಗೆದಾಗ ತುದಿಗೆ ನವಿರಾದ ಧೂಳು ಹತ್ತಿತ್ತು.

"ಇದೇ ನಿನ್ನ ವೈರಿ. ಕೈಗಿ ಹಿಟ್ಟಿನಂಗ ಮೆತ್ತಗ ಹತ್ತತದ. ಉಕ್ಕಿಗಿ ಇದು ಪಾಲಿಶ್ ಪೇಪರ್. ಗಾಳಿ ಸಂಗಟ ಒಳಗ ಹೋಗಿ ಇಪ್ಪತ್ನಾಲ್ಕು ವರ್ಷ ಉಜ್ಜ್ಯಾದ" ಎಂದರು.

ಶರಣಪ್ಪ ತನ್ನ ಅಜಾಗರೂಕತೆಗೆ ತಾನೇ ಹಣೆ ಚಚ್ಚಿಕೊಂಡ. ನನ್ನ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ಬೆಳಿಗ್ಗೆ ಆರೂವರೆಗೆ ಇಂಜಿನ್ ಚಾಲೂ ಮಾಡುವುದು, ಶನಿವಾರ, ರವಿವಾರ ಹಗುರವಾಗಿ ಓಡಿಸಿ ರಿಂಗುಗಳು ಕೂಡಿಕೊಳ್ಳಲು ಬಿಡುವುದು, ಸೋಮವಾರ ಪಾಸಿಂಗ್ ಎಂದು ಅವರಿಬ್ಬರೂ ಮಾತಾಡಿಕೊಂಡರು. ನಾನು ಬಾಯಿ ಬಿಡಲಿಲ್ಲ.

ಏಕೆ ಬಿಡಲಿಲ್ಲವೆಂದು ಇಂದು ಪ್ರಾಮಾಣಿಕವಾಗಿ ಹೇಳಬಲ್ಲೆ. ನಾಚಿಕೆ. ಅದಕ್ಕೆ ಶಾಸ್ತ್ರದ ಹೊದಿಕೆ ಹೊದಿಸಿಕೊಂಡೆ. ಮಗಳ ಮನೆಗೆ ನಡೆಯುತ್ತ, ಇದು ಬಟ್ಟೆಯಲ್ಲಿ ಸೋಸಿ ಮಾಡಿದ ಪವಿತ್ರ ಭಸ್ಮ, ಬೀದಿಯ ಧೂಳಲ್ಲ, ರಕ್ಷಿಸುವುದೇ ಅದರ ಧರ್ಮ, ಅದು ಹೇಗೆ ಕೆಡಿಸೀತು ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ತರ್ಕಶಾಸ್ತ್ರ ಓದಿದವನಿಗೆ ತನ್ನ ಪರವಾದ ಯುಕ್ತಿಗಳಿಗೆ ಬರವಿಲ್ಲ. ಆದರೂ ಮಹಾದೇವಿ ಬಡಿಸಿದ ಪುಂಡಿಪಲ್ಯವನ್ನು ಎರಡು ತುತ್ತಿಗೇ ಬದಿಗೆ ಸರಿಸಿದೆ.

ಬೆಳಿಗ್ಗೆ ಸ್ನಾನ ಮುಗಿಸಿ ಇಷ್ಟಲಿಂಗ ಪೂಜೆಗೆ ಕುಳಿತೆ. ಶರಣಪ್ಪ ಆಗಲೇ ಗ್ಯಾರೇಜಿಗೆ ಹೋಗಿದ್ದ. ಹಣೆಗೆ ಹಚ್ಚಲು ಮೂರು ಬೆರಳಿಗೆ ವಿಭೂತಿ ತೆಗೆದುಕೊಂಡವನು ಅರವತ್ತು ವರ್ಷಗಳಲ್ಲಿ ಎಂದೂ ಮಾಡದ ಕೆಲಸ ಮಾಡಿದೆ. ಅದನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದೆ. ಹಿಟ್ಟಿನಂತೆ ಮೆತ್ತಗಿತ್ತು. ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು ಹಲ್ಲಿನಡಿ ಕಡಿದೆ. ಕರಕರ ಎಂದಿತು.

ಆ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ ಎದೆಗೆ ಧರಿಸಿಕೊಂಡು, ಜೀವನದಲ್ಲಿ ಮೊದಲ ಸಲ ಪೂಜೆಯನ್ನು ಅರ್ಧಕ್ಕೆ ಬಿಟ್ಟು ಎದ್ದೆ. "ಅಪ್ಪಾ, ಚಪ್ಪಲರೆ ಹಾಕೊಳ್ರಿ" ಎಂದು ಮಹಾದೇವಿ ಕರೆಯುವಷ್ಟರಲ್ಲಿ ಬೀದಿಗೆ ಬಂದಿದ್ದೆ. ಧೋತರ ಎತ್ತಿ ಹಿಡಿದು, ಹಣೆಗೆ ವಿಭೂತಿಯನ್ನೂ ಹಚ್ಚಿಕೊಳ್ಳದೆ, ಎಪ್ಪತ್ತು ದಾಟಿದ ನಾನು ಅಫಜಲಪುರದ ಪೇಟೆಯಲ್ಲಿ ಓಡಿದೆ. ಬಸ್ಸಿಗೆ ಕಾಯುತ್ತಿದ್ದವರು ದಾರಿ ಬಿಟ್ಟರು. ಒಬ್ಬರು, ಯಾವ ಬಸ್ಸು ತಪ್ಪಿತೆಂದು ಕಾಳಜಿಯಿಂದ ಕೇಳಿದರು.

ಗ್ಯಾರೇಜು ಕಣ್ಣಿಗೆ ಬಿದ್ದಾಗ ಶರಣಪ್ಪ ಕ್ಯಾಬಿನ್ನಿನಲ್ಲಿ ಕುಳಿತಿದ್ದ. ಲಾಡ್ಲೆಸಾಬರು ಇಂಜಿನ್ನಿನ ಪಕ್ಕ ನಿಂತು ಕೈ ಎತ್ತುತ್ತಿದ್ದರು. ನಾನು ಇದ್ದ ಉಸಿರೆಲ್ಲ ಕೂಡಿಸಿ ಕೂಗಿದೆ, "ಶರಣಾ, ಸೆಲ್ಫ್ ಹೊಡಿಬ್ಯಾಡೋ."

ಕೀಲಿಯ ಮೇಲಿದ್ದ ಕೈ ನಿಂತಿತು. ತಮ್ಮ ಕಿಟಕಿಯಿಂದ ತಲೆ ಹೊರಹಾಕಿ, ಗಾಬರಿಯಿಂದ, "ಯಾಕಣ್ಣಾ, ಟೈಮ್ ಛಲೋ ಇಲ್ಲೇನು? ರಾಹುಕಾಲ ಏನು?" ಎಂದು ಕೇಳಿದ.

ಆ ಕ್ಷಣ ನನಗೊಂದು ಬಾಗಿಲು ತೆರೆದಂತಾಯಿತು. ಹೌದು, ಮುಹೂರ್ತ ಸರಿಯಿಲ್ಲ ಎಂದರೆ ಸಾಕಿತ್ತು. ತಮ್ಮ ಒಂದು ಮಾತೂ ಕೇಳದೆ ಇಳಿಯುತ್ತಿದ್ದ. ಆದರೆ ಮುಹೂರ್ತ ಮುಂದೆ ಹಾಕಿದರೆ ಇಂಜಿನ್ನಿನೊಳಗಿನ ಭಸ್ಮ ಹೊರಗೆ ಬರುವುದಿಲ್ಲ. ಏದುಸಿರಿನಲ್ಲೇ ನಡೆದದ್ದನ್ನೆಲ್ಲ ಹೇಳಿದೆ. ಹಗೇವಿನ ಪದ್ಧತಿಯಿಂದ ಹಿಡಿದು ಹಲ್ಲಿನಡಿ ಕರಕರ ಎಂದದ್ದರವರೆಗೆ.

ಲಾಡ್ಲೆಸಾಬರು ಎಷ್ಟು ಹಾಕಿದಿರೆಂದು ಕೇಳಿದರು. ಒಂದು ಮುಷ್ಟಿ ಎಂದೆ. ಅವರು ನನ್ನ ಮುಖವನ್ನೇ ನೋಡುತ್ತ, "ಊದೀರೇನು?" ಎಂದರು.

"ಊದೇನಿ."

ಅವರು ಪಕ್ಕದ ಟಾಯರಿನ ಮೇಲೆ ಕುಳಿತುಬಿಟ್ಟರು. ಮೈ ಅಲುಗತೊಡಗಿತು. ಸಿಟ್ಟಿನಿಂದ ನಡುಗುತ್ತಿದ್ದಾರೆಂದು ನಾನು ತಲೆ ತಗ್ಗಿಸಿದೆ. ನೋಡಿದರೆ ನಗುತ್ತಿದ್ದರು.

"ಮಾಸ್ತರ್ರ, ನಲವತ್ತು ವರ್ಷದಾಗ ಇಂಜಿನ್ನಾಗ ನಟ್ ಬಿಟ್ಟವರನ್ನ ನೋಡೇನಿ, ಅರಿವಿ ಬಿಟ್ಟವರನ್ನ ನೋಡೇನಿ. ಇಂಜಿನ್ನಿಗಿ ದೀಕ್ಷಾ ಕೊಟ್ಟವರನ್ನ ಇವತ್ತೇ ನೋಡಿದ್ದು."

ಶರಣಪ್ಪ ನಗಲಿಲ್ಲ. ಕ್ಯಾಬಿನ್ನಿನಿಂದ ಇಳಿದು ನನ್ನೆದುರಿಗೆ ಬಂದು ನಿಂತ. ಚಿಕ್ಕವನಿದ್ದಾಗ ನಾನು ಅವನ ಮಗ್ಗಿ ತಿದ್ದುತ್ತಿದ್ದೆ. ಈಗ ನನ್ನ ತಪ್ಪು ಅವನ ಮುಂದಿತ್ತು. "ಅಣ್ಣಾ, ನಾ ಇಪ್ಪತ್ನಾಲ್ಕು ವರ್ಷ ಕಷ್ಟಪಟ್ಟು ಸವಿಸಿದ್ದು. ನೀ ಒಂದೇ ಊದಿಗಿ ಮುಗಿಸಿ ಬಿಡ್ತಿದ್ದಿ" ಎಂದ. ಹೇಳುತ್ತ ಹೇಳುತ್ತಲೇ ಅವನ ತುಟಿಯ ಅಂಚು ನಗುವಿಗೆ ಜಾರಿತು. ಬಳಿಕ ನನ್ನ ಕಾಲು ನೋಡಿ, ಬರಿಗಾಲಲ್ಲಿ ಓಡಿ ಬಂದಿದ್ದೇನೆಂದು ತಿಳಿದು, ಒಳಗಿನಿಂದ ನೀರು ತಂದು ಪಾದದ ಮೇಲೆ ತಾನೇ ಹಾಕಿದ.

ಅಪಾಯ ಇನ್ನೂ ಇತ್ತು. ಲಾಡ್ಲೆಸಾಬರು ಪೈಪು ಬಿಚ್ಚಿ, ಕೊಳವೆ ಬಿಚ್ಚಿ, ಒಳಗೆ ದೀಪ ಹಿಡಿದು ನೋಡಿ, ಹೆಡ್ಡನ್ನೂ ಇಳಿಸಲೇಬೇಕೆಂದರು. ಇಳಿಸಿದಾಗ ಅವರ ಮಾತು ನಿಜವಾಯಿತು. ಮೂರನೆಯ ಸಿಲಿಂಡರಿನ ವಾಲ್ವು ತೆರೆದಿದ್ದುದರಿಂದ ನನ್ನ ಊದುವಿಕೆಯ ಫಲ ಅಲ್ಲಿಗೆ ತಲುಪಿ, ಹೊಸ ಪಿಸ್ಟನ್ನಿನ ತಲೆಯ ಮೇಲೆ ತೆಳ್ಳಗೆ ಬೆಳ್ಳಗೆ ಕುಳಿತಿತ್ತು. ಹೆಡ್ಡಿನಡಿ ಹಾಸುವ ತೆಳು ಹಾಳೆ, ಗ್ಯಾಸ್ಕೆಟ್ಟು, ಒಮ್ಮೆ ಬಿಗಿದ ಮೇಲೆ ಮತ್ತೆ ಬಳಕೆಗೆ ಬರುವುದಿಲ್ಲವಂತೆ. ಶರಣಪ್ಪ ಹೊಸದನ್ನು ತರಲು ಕಲಬುರಗಿಯ ಬಸ್ಸು ಹತ್ತಿದ. ಅಷ್ಟರಲ್ಲಿ ಒರೆಸುವ ಕೆಲಸ ಮುಗಿಯಬೇಕಿತ್ತು.

ನಾನು ದೂರ ಹೋಗಿ ಕುಳಿತುಕೊಳ್ಳಲೇ ಎಂದು ಕೇಳಿದೆ. ಲಾಡ್ಲೆಸಾಬರು ಒಗೆದ ಬಿಳಿ ಬಟ್ಟೆಯ ತುಂಡನ್ನೂ ಡೀಸೆಲಿನ ಬಟ್ಟಲನ್ನೂ ನನ್ನ ಮುಂದೆ ಹಿಡಿದರು. "ಹಾಕಿದ ಕೈಯೇ ತೆಗೀಬೇಕ್ರಿ. ನಿಮ್ಮ ಕೈಗಿ ನನ್ನಷ್ಟು ಗಂಟಿಲ್ಲ, ಸಂದಿಗಿ ಹೋಗತದ."

ಧೋತರ ಮೇಲೆ ಕಟ್ಟಿ ಇಂಜಿನ್ನಿನ ಮೇಲೆ ಬಾಗಿದೆ. ಪಿಸ್ಟನ್ನನ್ನು ಅವರು ಕೆಳಗಿನಿಂದ ಬಿಚ್ಚಿ ಹೊರಗೆ ತೆಗೆದಿದ್ದರು. ಲೈನರಿನ ಒಳಗೋಡೆ ಕನ್ನಡಿಯಂತೆ ಇತ್ತು. ಒರೆಸಿ ಬಟ್ಟೆ ತೋರಿಸಿದೆ. ಅವರು ಬಿಸಿಲಿಗೆ ಹಿಡಿದು ನೋಡಿ, "ಇನ್ನೊಮ್ಮೆ" ಎಂದರು. ಹೊಸ ಬಟ್ಟೆ ತೆಗೆದುಕೊಂಡೆ. "ಇನ್ನೊಮ್ಮೆ." ಮೂವತ್ತಾರು ವರ್ಷ ವಿಭಕ್ತಿರೂಪ ತಪ್ಪಿದ ಮಕ್ಕಳಿಗೆ ನಾನು ಹೇಳುತ್ತಿದ್ದ ಅದೇ ಮಾತು, ಅದೇ ದನಿ. ನಾಲ್ಕನೆಯ ಬಟ್ಟೆಗೆ ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಅವರ ಕಣ್ಣಿಗೆ ಕಂಡಿತು. ಏಳನೆಯ ಬಟ್ಟೆಯನ್ನು ಬಹಳ ಹೊತ್ತು ನೋಡಿ, ಏನೂ ಹೇಳದೆ ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು. ಅದು ತೇರ್ಗಡೆಯ ಗುರುತೆಂದು ನನಗೆ ತಿಳಿಯಲು ಸ್ವಲ್ಪ ಸಮಯ ಬೇಕಾಯಿತು. ಅಷ್ಟು ಸಂತೋಷ ನನಗೆ ವಿದ್ವತ್ ಪರೀಕ್ಷೆ ಪಾಸಾದ ದಿನವೂ ಆಗಿರಲಿಲ್ಲ.

ಮಧ್ಯಾಹ್ನ ಗ್ಯಾಸ್ಕೆಟ್ಟು ಬಂತು. ಹೊತ್ತು ಮುಳುಗಲು ಇನ್ನೂ ಒಂದು ತಾಸಿರುವಾಗ ಶರಣಪ್ಪ ಕ್ಯಾಬಿನ್ ಹತ್ತಿ ನನ್ನ ಕಡೆ ನೋಡಿದ. ನಾನು ಎರಡೂ ಕೈ ಬಿಡಿಸಿ, ಬರಿಗೈ ಎಂದು ತೋರಿಸಿದೆ. ಇಂಜಿನ್ ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಹಿಡಿಯಿತು. ಒಳಗೆ ಹಚ್ಚಿದ ಎಣ್ಣೆ ಉರಿಯುವವರೆಗೆ ಬೂದುಬಣ್ಣದ ಹೊಗೆ ಬಂತು. ಬರಬರುತ್ತ ತೆಳುವಾಯಿತು. ಕಾಲು ಗಂಟೆಯ ಮೇಲೆ ಸೈಲೆನ್ಸರಿನ ಬಾಯಿಯಲ್ಲಿ ಬಿಸಿಗಾಳಿಯ ನಡುಕವಲ್ಲದೆ ಬೇರೇನೂ ಕಾಣಲಿಲ್ಲ. ಲಾಡ್ಲೆಸಾಬರು ಎಣ್ಣೆಯ ಮುಚ್ಚಳವನ್ನು ಮಗುಚಿ ಬಾಯಿಯ ಮೇಲಿಟ್ಟರು. ಅದು ಧ್ಯಾನಕ್ಕೆ ಕುಳಿತಂತೆ ಕುಳಿತುಕೊಂಡಿತು. ಶರಣಪ್ಪ ಕೆಳಗಿಳಿದು, ಹಿಂದೆ ಹೋಗಿ, ಹೊಗೆಯಿಲ್ಲದ ಆ ಕೊಳವೆಯ ಎದುರು ಸುಮ್ಮನೆ ನಿಂತುಕೊಂಡ. ಕಣ್ಣೊರೆಸಿಕೊಳ್ಳುವುದಕ್ಕೆ ಹೊಗೆಯ ನೆಪವೂ ಅವನಿಗಿರಲಿಲ್ಲ.

ಮರುದಿನ ಅರ್ಧ ಹೇರು ಹಾಕಿಕೊಂಡು ಸೊನ್ನದ ಬ್ಯಾರೇಜಿನವರೆಗೆ ಹೋಗಿ ಬಂದೆವು. ಕ್ಯಾಬಿನ್ನಿನಲ್ಲಿ ನಾವು ಮೂವರು ಮುದುಕರು. ಭೀಮೆಯ ದಂಡೆಯಲ್ಲಿ ಮಹಾದೇವಿ ಕಟ್ಟಿಕೊಟ್ಟ ಸಜ್ಜೆರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು. ಊಟಕ್ಕೆ ಮೊದಲು ಶರಣಪ್ಪ ಎಣ್ಣೆಯ ಕಡ್ಡಿ ಎಳೆದು ನೋಡಿದ. ಹೊರಟಾಗ ಎಲ್ಲಿತ್ತೋ ಗುರುತು ಅಲ್ಲೇ ಇತ್ತು.

"ದೀಕ್ಷಾ ಆದ ಇಂಜಿನ್ ಅದ. ಕುಡಿಯೋದು ಬಿಟ್ಟದ" ಎಂದರು ಲಾಡ್ಲೆಸಾಬರು.

ನಾವು ಮೂವರೂ ನಕ್ಕ ನಗುವಿಗೆ ನೀರಿನ ಅಂಚಿನ ಕೊಕ್ಕರೆಗಳು ಎದ್ದವು. ನಾನು ಅಷ್ಟು ಗಟ್ಟಿಯಾಗಿ ನಕ್ಕದ್ದು ಯಾವಾಗಲೆಂದು ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ನೆನಪಾಗಲಿಲ್ಲ.

ಸೋಮವಾರ ಲಾರಿ ಪಾಸಾಯಿತು. ಅದೇ ವಾರ ಶರಣಪ್ಪ ನಮ್ಮೂರಿನ ತೊಗರಿ ಹೇರಿಕೊಂಡು ಹೊರಟ. ಈಗಲೂ ಅವನೇ ಓಡಿಸುತ್ತಾನೆ. ಗುಜರಿಯ ಮಾತು ಮತ್ತೆ ಅವನ ಬಾಯಲ್ಲಿ ಬಂದಿಲ್ಲ.

ಜೀವನದುದ್ದಕ್ಕೂ ಜನರು ನನ್ನನ್ನು ಕಂಡರೆ ಎದ್ದು ನಿಂತು ಕೈ ಮುಗಿದಿದ್ದಾರೆ. ಅದು ಗುರುವಿನ ಸ್ಥಾನಕ್ಕೆ ಸಂದ ಗೌರವ, ಅದನ್ನು ನಾನು ಕಡಿಮೆಯೆಂದು ಹೇಳಲಾರೆ. ಆದರೆ ತಪ್ಪು ಒಪ್ಪಿಕೊಂಡರೆ ಆ ಗೌರವವೆಲ್ಲ ಹೋಗುತ್ತದೆಂದು ಒಂದು ರಾತ್ರಿಯಿಡೀ ಹೆದರಿದ್ದೆನಲ್ಲ, ಆ ಹೆದರಿಕೆ ಎಷ್ಟು ಪೊಳ್ಳೆಂಬುದು ಎಪ್ಪತ್ತು ದಾಟಿದ ಮೇಲೆ ತಿಳಿಯಿತು. ತಮ್ಮನೂ ಲಾಡ್ಲೆಸಾಬರೂ ನನಗೆ ಕೈ ಮುಗಿಯುವುದನ್ನು ಬಿಡಲಿಲ್ಲ. ಜೊತೆಗೆ ಕುಳಿತು ನಗುವುದನ್ನು ಹೊಸದಾಗಿ ಸುರುಮಾಡಿದರು.

ವಿಭೂತಿಯ ಮೇಲಿನ ನನ್ನ ಭಕ್ತಿ ಒಂದು ಎಳೆಯೂ ಕಡಿಮೆಯಾಗಿಲ್ಲ. ಅದು ಹಣೆಗೆ ಸಲ್ಲುವುದು, ಎದೆಗೆ ಸಲ್ಲುವುದು, ಲಾರಿಯ ಮುಂಭಾಗಕ್ಕೂ ಸಲ್ಲುವುದು. ಎಲ್ಲಿ ಸಲ್ಲದೋ ಅಲ್ಲಿ ಶುಚಿಯೇ ಪೂಜೆ. ಇಷ್ಟನ್ನು ಶಾಸ್ತ್ರಗಳೂ ಹೇಳುತ್ತವೆ, ನಾನೂ ಮಕ್ಕಳಿಗೆ ಹೇಳಿದ್ದೆ. ಕಲಿತದ್ದು ಮಾತ್ರ ಬೇವಿನ ಮರದ ಕೆಳಗೆ.

ಹೋದ ತಿಂಗಳು ಲಾಡ್ಲೆಸಾಬರು ಫೋನು ಮಾಡಿದ್ದರು. ಜೇವರ್ಗಿಯಿಂದ ಒಂದು ಹಳೆಯ ಲಾರಿ ಬಂದಿದೆಯಂತೆ, ಇಂಜಿನ್ ಬಿಚ್ಚಿದ್ದಾರಂತೆ, ಒರೆಸುವ ಕೆಲಸಕ್ಕೆ ತಮ್ಮ ಕಣ್ಣು ಈಗೀಗ ಮಬ್ಬಾಗುತ್ತಿದೆಯಂತೆ. "ಎರಡು ದಿನ ಬರ್ತೀರೇನ್ರಿ ಮಾಸ್ತರ್ರ? ವಿಭೂತಿ ಮನ್ಯಾಗ ಇಟ್ಟು, ಕೈ ಅಷ್ಟ ತಗೊಂಡು ಬರ್ರಿ" ಎಂದರು.

ಹಳೆಯ ಧೋತರವೊಂದನ್ನು ನಾನೇ ಒಗೆದು, ಒಣಗಿಸಿ, ಚೌಕನೆ ಹರಿದು ಏಳು ತುಂಡು ಮಾಡಿ ಚೀಲಕ್ಕೆ ಹಾಕಿಕೊಂಡೆ. ಬೆಳಗಿನ ಮೊದಲ ಬಸ್ಸಿಗೆ ಹೊರಟೆ.